ಭಾನುವಾರ ಬೆಳಗ್ಗೆ ಎಂಟು ಗಂಟೆ

ನಾನು ವಿದ್ಯಾರ್ಥಿಗಳ ಆಪ್ತಸಲಹೆಗಾರ್ತಿ. ಹಾಸ್ಟೆಲಿನ ಕಡ್ಡಾಯ ಪ್ರಾರ್ಥನೆಯ ದೂರು ಹೊತ್ತು ಬಂದ ಎಂಜಿನಿಯರಿಂಗ್ ಹುಡುಗನೊಬ್ಬನ ಈ ಪ್ರಕರಣವನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಹುಡುಗನ ಒಪ್ಪಿಗೆ ಪಡೆದಿದ್ದೇನೆ, ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ. ಅವನು ಓದುವ ಕಾಲೇಜು ಯಾವ ಧರ್ಮದವರದು ಎಂಬುದನ್ನು ಬೇಕೆಂದೇ ಹೇಳುತ್ತಿಲ್ಲ. ಹೇಳಿದ ಕೂಡಲೇ ಅರ್ಧ ಓದುಗರು ಕಾಲೇಜಿನ ಪರ, ಇನ್ನರ್ಧ ಅದರ ವಿರುದ್ಧ ನಿಂತುಬಿಡುತ್ತಾರೆ. ನಡುವೆ ಹುಡುಗನೇ ಕಾಣೆಯಾಗುತ್ತಾನೆ. ಮಠದ ಕಾಲೇಜಿನಿಂದಲೂ, ಚರ್ಚಿನ ಕಾಲೇಜಿನಿಂದಲೂ, ಮುಸ್ಲಿಂ ಟ್ರಸ್ಟಿನ ಕಾಲೇಜಿನಿಂದಲೂ ಇದೇ ಅಳಲು ಹೊತ್ತ ಮಕ್ಕಳು ನನ್ನೆದುರು ಕೂತಿದ್ದಾರೆ. "ನಾನು ಸಾಫ್ಟ್‌ವೇರ್ ಕಲಿಯೋಕೆ ಬಂದವನು. ಇಲ್ಲಿ ಕಲಿಯೋಕೆ ಬಿಡ್ತಿಲ್ಲ" ಎನ್ನುವುದು ಎಲ್ಲರ ಮೊದಲ ಮಾತು.

ನನಗೆ ಇಂಥ ಸಂಸ್ಥೆಗಳ ಮೇಲೆ ಗೌರವವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 1963ರಷ್ಟು ಹಿಂದೆಯೇ ತುಮಕೂರಿನಲ್ಲಿ ಸಿದ್ಧಗಂಗಾ ಮಠ, ಮೈಸೂರಿನಲ್ಲಿ ಸುತ್ತೂರು ಮಠ ಎಂಜಿನಿಯರಿಂಗ್ ಕಾಲೇಜು ತೆರೆದವು. ಭಟ್ಕಳದಲ್ಲಿ ಅಂಜುಮನ್ ಎಂಬ ಮುಸ್ಲಿಂ ಸಂಸ್ಥೆ, 2002ರಲ್ಲಿ ಮಂಗಳೂರಿನಲ್ಲಿ ಕ್ಯಾಥೊಲಿಕ್ ಧರ್ಮಪ್ರಾಂತ್ಯದವರು ಅದೇ ಕೆಲಸ ಮಾಡಿದರು. ಈ ಪ್ರಕರಣ ಇವುಗಳಲ್ಲಿ ಯಾವುದಕ್ಕೂ ಸೇರಿದ್ದಲ್ಲ. ಧರ್ಮಸಂಸ್ಥೆಗಳು ಕೈಹಾಕದಿದ್ದರೆ ನಮ್ಮ ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಒಬ್ಬ ಎಂಜಿನಿಯರ್ ಇರುತ್ತಿರಲಿಲ್ಲ. ಆ ಋಣ ನಿಜ. ಅದೇ ಋಣವನ್ನು ಮುಂದಿಟ್ಟು ಹತ್ತೊಂಬತ್ತರ ಹುಡುಗನ ಬಾಯಿ ಮುಚ್ಚಿಸುವುದನ್ನು ನಾನು ಒಪ್ಪುವುದಿಲ್ಲ.

ಹುಡುಗ ಕಂಪ್ಯೂಟರ್ ಸೈನ್ಸ್, ನಾಲ್ಕನೇ ಸೆಮಿಸ್ಟರ್. ತಂದೆಗೆ ಊರಲ್ಲಿ ಸಣ್ಣ ಗೊಬ್ಬರದ ಅಂಗಡಿ. ಸಿಇಟಿ ರ‍್ಯಾಂಕಿಗೆ ಎರಡು ಮೂರು ಕಾಲೇಜು ಸಿಗುತ್ತಿದ್ದವಂತೆ. "ಅಲ್ಲಿ ಶಿಸ್ತಿದೆ, ಹುಡುಗ ಕೆಡಲ್ಲ" ಎಂದು ಅಪ್ಪ ಇದನ್ನು ಆರಿಸಿದರು. ಹಾಸ್ಟೆಲಿನಲ್ಲಿ ದಿನಾ ಬೆಳಗ್ಗೆ ಅರ್ಧ ಗಂಟೆ ಪ್ರಾರ್ಥನೆ, ಭಾನುವಾರ ಏಳೂವರೆಯಿಂದ ಒಂಬತ್ತೂವರೆ. ವಾರ್ಡನ್ ಹಾಜರಿ ಹಾಕುತ್ತಾರೆ. ಎರಡು ಸಲ ತಪ್ಪಿದರೆ ಮನೆಗೆ ಫೋನ್. ರಾತ್ರಿ ಹತ್ತಕ್ಕೆ ವೈಫೈ ಬಂದ್.

ಮೊದಲ ಭೇಟಿಯಲ್ಲಿ ಅವನು ಒಂದು ನೋಟ್‌ಬುಕ್ ತೆರೆದು ನನ್ನ ಮೇಜಿನ ಮೇಲಿಟ್ಟ. ವಾರಕ್ಕೆ ಐದು ಗಂಟೆ ಪ್ರಾರ್ಥನೆ, ಸೆಮಿಸ್ಟರಿಗೆ ಹದಿನಾರು ವಾರ, ಎಂಟು ಸೆಮಿಸ್ಟರ್, ಒಟ್ಟು 640 ಗಂಟೆ. ಕೆಳಗೆ ಎರಡು ಗೆರೆ ಎಳೆದಿದ್ದ. "ಇಷ್ಟು ಹೊತ್ತಲ್ಲಿ ಒಂದು ಫ್ರೇಮ್‌ವರ್ಕ್ ಪೂರ್ತಿ ಕಲೀಬಹುದಿತ್ತು ಮೇಡಂ" ಎಂದ. ಆಮೇಲೆ ದೂರುಗಳು ಒಂದರ ಹಿಂದೆ ಒಂದು ಬಂದವು. ಪರೀಕ್ಷೆಯಲ್ಲಿ ಕೋಡನ್ನು ಪೇಪರಿನ ಮೇಲೆ ಬರೆಸುತ್ತಾರೆ, 85 ಪರ್ಸೆಂಟ್ ಹಾಜರಾತಿ ಕೇಳುತ್ತಾರೆ, ಪಠ್ಯ ಹಳೆಯದು. ಇವೆಲ್ಲ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ನಿಯಮಗಳು, ಅದರ ಅಡಿಯಲ್ಲಿರುವ, ಸ್ವಾಯತ್ತವಲ್ಲದ ಎಲ್ಲ ಕಾಲೇಜಿಗೂ ಅನ್ವಯ, ಕೊನೆಯ ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಒಂದೇ ಎಂದು ನಾನು ಹೇಳಿದೆ. ಅವನಿಗೂ ಗೊತ್ತಿತ್ತು. ಸಿಟ್ಟು ಬಂದಾಗ ಎಲ್ಲ ದೂರನ್ನೂ ಒಂದೇ ಮೂಟೆಗೆ ತುಂಬುತ್ತೇವೆ. ಆ ಮೂಟೆಯನ್ನು ಬಿಚ್ಚಿ ಬೇರೆ ಬೇರೆ ಮಾಡುವುದೇ ನನ್ನ ಕೆಲಸದ ಮುಕ್ಕಾಲು ಪಾಲು.

ಮೂಟೆಯಿಂದ ತೆಗೆದಷ್ಟೂ ಒಂದು ದೂರು ಮಾತ್ರ ಗಟ್ಟಿಯಾಗಿ ಉಳಿಯಿತು. ಲೀಟ್‌ಕೋಡ್ ಎಂಬ ಕೋಡಿಂಗ್ ಅಭ್ಯಾಸದ ಜಾಲತಾಣದ ವಾರದ ಸ್ಪರ್ಧೆ ನಡೆಯುವುದು ಭಾನುವಾರ ಬೆಳಗ್ಗೆ ಎಂಟರಿಂದ ಒಂಬತ್ತೂವರೆ. ಬೇರೆ ಕಾಲೇಜಿನ ಗೆಳೆಯರು ಅದನ್ನು ಬರೆಯುತ್ತಾರೆ, ಅವರ ರೇಟಿಂಗ್ ಏರುತ್ತದೆ, ನಾಳೆ ಕಂಪನಿಯವರು ಅದನ್ನೇ ನೋಡುತ್ತಾರೆ. ಇವನು ಆ ಹೊತ್ತಿಗೆ ಪ್ರಾರ್ಥನಾ ಸಭಾಂಗಣದ ನಾಲ್ಕನೇ ಸಾಲಿನಲ್ಲಿ ಕೂತಿರುತ್ತಾನೆ. "ನನಗೆ ದೇವರ ಮೇಲೆ ನಂಬಿಕೆನೇ ಇಲ್ಲ ಮೇಡಂ. ಬಾಯಿ ಆಡಿಸ್ತೀನಿ ಅಷ್ಟೆ." ಇದನ್ನು ಹೇಳುವಾಗ ಅವನು ದನಿ ತಗ್ಗಿಸಿ ಬಾಗಿಲ ಕಡೆ ನೋಡಿದ.

ಎರಡನೇ ಭೇಟಿ ಹತ್ತು ದಿನಗಳ ಮೇಲೆ. ಅಷ್ಟರಲ್ಲಿ ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳಿಗೆ ಫೋನ್ ಮಾಡಿ ಈ ಸ್ಪರ್ಧೆ ಹೇಗೆ ನಡೆಯುತ್ತದೆ ಎಂದು ಕೇಳಿ ತಿಳಿದುಕೊಂಡೆ. ಎದುರಿಗೆ ಕೂತವರ ಕಸುಬಿನ ನಾಲ್ಕು ಮಾತಾದರೂ ಗೊತ್ತಿಲ್ಲದೆ ಸಲಹೆ ಕೊಡಬಾರದು ಎಂಬುದು ನನ್ನ ಪಟ್ಟು. ತೊಂಬತ್ತು ನಿಮಿಷ, ನಾಲ್ಕು ಲೆಕ್ಕ, ಮೊದಲನೆಯದು ಸುಲಭ, ಕೊನೆಯದು ಕಬ್ಬಿಣದ ಕಡಲೆ ಎಂದಳು. ಹದಿನೈದು ದಿನಕ್ಕೊಮ್ಮೆ ಶನಿವಾರ ರಾತ್ರಿ ಎಂಟಕ್ಕೂ ಇಂಥದೇ ಸ್ಪರ್ಧೆ ಇರುತ್ತದಂತೆ. ಮುಗಿದುಹೋದ ಸ್ಪರ್ಧೆಯನ್ನು ಆಮೇಲೆ ಯಾವಾಗ ಬೇಕಾದರೂ, ಗಡಿಯಾರ ಇಟ್ಟುಕೊಂಡೇ ಬರೆಯಬಹುದು; ರೇಟಿಂಗಿಗೆ ಮಾತ್ರ ಸೇರುವುದಿಲ್ಲ.

ಹುಡುಗ ಬಂದು ಕೂತ ಮೇಲೆ ಕೇಳಿದೆ: "ಶನಿವಾರ ರಾತ್ರಿ ಹಾಸ್ಟೆಲಲ್ಲಿ ಪ್ರಾರ್ಥನೆ ಎಷ್ಟೊತ್ತಿಗೆ?"

"ಶನಿವಾರ ರಾತ್ರಿ ಇಲ್ಲ ಮೇಡಂ."

"ವೈಫೈ?"

"ಹತ್ತರವರೆಗೆ ಇರುತ್ತೆ."

ನಾನು ಮುಂದೆ ಕೇಳಲಿಲ್ಲ. ಅವನಿಗೆ ಅರ್ಥವಾಯಿತು. ಲ್ಯಾಪ್‌ಟಾಪ್ ಚೀಲ ತೊಡೆಯ ಮೇಲಿತ್ತು; ಅದರ ಜಿಪ್ಪನ್ನು ಒಂದು ಗೇಣು ಎಳೆಯುವುದು, ಮತ್ತೆ ಮುಚ್ಚುವುದು, ಎಳೆಯುವುದು, ಮುಚ್ಚುವುದು. ಕೊನೆಗೆ, "ನನ್ನ ತಪ್ಪು ಹಿಡಿಯೋಕೆ ಕೇಳಿದ್ರಾ?" ಎಂದ.

"ಇಲ್ಲಪ್ಪ. ಶನಿವಾರ ಆ ಹೊತ್ತಲ್ಲಿ ಏನ್ ಮಾಡ್ತೀಯ ಅಂತ ತಿಳ್ಕೊಳ್ಳೋಕೆ ಕೇಳಿದೆ."

ಮೊದಲ ಸೆಮಿಸ್ಟರ್ ರಜೆಯಲ್ಲಿ ಊರಿಗೆ ಹೋದಾಗ ಒಂದು ಭಾನುವಾರ ಸ್ಪರ್ಧೆ ಬರೆದಿದ್ದನಂತೆ. ಪಿಯುಸಿಯಲ್ಲಿ ತರಗತಿಗೇ ಮೊದಲು ಬಂದವನು. ತೊಂಬತ್ತು ನಿಮಿಷದಲ್ಲಿ ಒಂದು ಲೆಕ್ಕವೂ ಆಗಲಿಲ್ಲ. ಇಪ್ಪತ್ತು ಸಾವಿರದಾಚೆಗಿನ ರ‍್ಯಾಂಕ್. ಹಳೆಯ ಗೆಳೆಯನೊಬ್ಬ ಆ ರ‍್ಯಾಂಕಿನ ಸ್ಕ್ರೀನ್‌ಶಾಟನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ನಗುವ ಚಿತ್ರ ಅಂಟಿಸಿದ. ಇವನೂ ನಗುವ ಚಿತ್ರವನ್ನೇ ತಿರುಗಿ ಹಾಕಿದ. ಅಂದಿನಿಂದ ಒಂದು ಸ್ಪರ್ಧೆಯನ್ನೂ ಬರೆದಿಲ್ಲ.

ಇಷ್ಟು ಹೇಳಿ ಸುಮ್ಮನಾದ. ನಾನೂ ಸುಮ್ಮನಿದ್ದೆ. ಆಮೇಲೆ ಅವನು ಹೇಳಿದ್ದನ್ನು ಅವತ್ತೇ ನನ್ನ ಡೈರಿಯಲ್ಲಿ ಬರೆದಿಟ್ಟಿದ್ದೇನೆ:

"ಪ್ರಾರ್ಥನೆ ಹಾಲಲ್ಲಿ ಎದುರಿಗೇ ಗಡಿಯಾರ ಇದೆ ಮೇಡಂ. ಎಂಟು ಗಂಟೆಗೆ ನೋಡ್ತೀನಿ. ಹೊಟ್ಟೆ ಉರಿಯುತ್ತೆ. ಒಂಬತ್ತೂವರೆಗೆ ಮತ್ತೆ ನೋಡ್ತೀನಿ. ಆಗ... ಹಗುರ ಆಗುತ್ತೆ. ಈ ವಾರದ್ದು ಮುಗೀತಲ್ಲ ಅಂತ."

ಇನ್ನು ನಾನು ಏನೋ ಅಂದುಬಿಡುತ್ತೇನೆ ಎಂದು ಅನ್ನಿಸಿರಬೇಕು, ತಾನೇ ಮುಂದುವರಿಸಿದ: "ಹಾಗಂತ ನಂಬಿಕೆ ಇಲ್ಲ ಅಂದಿದ್ದು ಸುಳ್ಳಲ್ಲ. ಅದೂ ನಿಜ."

ಆ ಕೊನೆಯ ಮಾತಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ಅವಸರದ ಸಲಹೆಗಾರರು ಇಲ್ಲಿಯೇ ಎಡವುತ್ತಾರೆ. ಭಯ ಸಿಕ್ಕಿತಲ್ಲ, ಇನ್ನು ದೂರೆಲ್ಲ ನೆಪ ಎಂದು ತೀರ್ಮಾನಿಸುತ್ತಾರೆ. ಅವನ ದೂರು ನೆಪವಾಗಿರಲಿಲ್ಲ. ನಂಬದವನನ್ನು ಹಾಜರಿ ಹಾಕಿ ಪ್ರಾರ್ಥನೆಗೆ ಕೂರಿಸುವುದು ತಪ್ಪು. ಸಂವಿಧಾನದ 28ನೇ ವಿಧಿಯ 3ನೇ ಖಂಡದಲ್ಲಿ ಇದು ಸ್ಪಷ್ಟವಾಗಿದೆ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವುದೇ ಶಿಕ್ಷಣ ಸಂಸ್ಥೆಯಲ್ಲಿ ಓದುವವರನ್ನು, ಅವರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಗಾಗಲಿ ಪೂಜೆ ಪ್ರಾರ್ಥನೆಗಾಗಲಿ ಬಲವಂತ ಮಾಡುವಂತಿಲ್ಲ. ಸಂಸ್ಥೆಗೆ ಹೊಂದಿಕೊಂಡ ಆವರಣಕ್ಕೂ ಇದು ಅನ್ವಯ ಎಂದು ಅಲ್ಲೇ ಬರೆದಿದೆ. ಹುಡುಗ ಅಪ್ರಾಪ್ತನಾಗಿದ್ದರೆ ಪೋಷಕರ ಒಪ್ಪಿಗೆ ಬೇಕು. ಇವನ ಅಪ್ಪ ಪ್ರವೇಶದ ಅರ್ಜಿಗೆ ಸಹಿ ಹಾಕಿದಾಗ ಇವನಿಗೆ ಹದಿನೇಳು, ಈಗ ಹತ್ತೊಂಬತ್ತು. ಒಪ್ಪಿಗೆ ಈಗ ಇವನದು.

ಇದನ್ನೆಲ್ಲ ಅವನಿಗೆ ಅವತ್ತೇ ಹೇಳಿದೆ, ಮುಚ್ಚಿಡಲಿಲ್ಲ. ಹೇಳಿ, ನಾಲ್ಕು ವಾರ ಅದನ್ನು ಬಳಸಬೇಡ ಎಂದೂ ಹೇಳಿದೆ. ಈ ನಾಲ್ಕು ಭಾನುವಾರ ಪ್ರಾರ್ಥನೆ ಮುಗಿಸಿ, ತಿಂಡಿ ತಿಂದು, ಹತ್ತೂವರೆಗೆ ಲ್ಯಾಬಿನಲ್ಲಿ ಕೂತು ಬೆಳಗಿನ ಸ್ಪರ್ಧೆಯನ್ನೇ ಬರಿ. ತೊಂಬತ್ತು ನಿಮಿಷ ಎದ್ದೇಳಬೇಡ. ಒಂದೂ ಆಗದಿದ್ದರೆ ಒಂದೂ ಆಗಲಿಲ್ಲ ಎಂದು ಬರೆದಿಡು. ರ‍್ಯಾಂಕ್ ಯಾರಿಗೂ ಕಾಣುವುದಿಲ್ಲ. ನಾಲ್ಕು ವಾರದ ಮೇಲೂ ಪ್ರಾರ್ಥನೆಗೆ ಹೋಗಲು ಮನಸ್ಸು ಒಪ್ಪದಿದ್ದರೆ ಪ್ರಾಂಶುಪಾಲರಿಗೆ ಪತ್ರ ಬರೆಯೋಣ, ನಾನು ಜೊತೆಗಿರುತ್ತೇನೆ.

ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ ಸಿಟ್ಟಾದರು. ಹಕ್ಕು ಹಕ್ಕೇ, ಅದನ್ನು ಪಡೆಯಲು ಹುಡುಗ ಧೈರ್ಯದ ಪರೀಕ್ಷೆ ಯಾಕೆ ಪಾಸಾಗಬೇಕು, ನಾಲ್ಕು ವಾರ ಕಾಯಿಸಲು ನೀವು ಯಾರು ಎಂದರು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅದರಲ್ಲಿ ಸತ್ಯವಿದೆ.

ಆದರೂ ನಾನು ಕೊಟ್ಟ ಸಲಹೆಯ ಬೆನ್ನಿಗೆ ನಿಲ್ಲುತ್ತೇನೆ. ಅವನು ಮರುದಿನವೇ ಪತ್ರ ಬರೆದು ವಿನಾಯಿತಿ ಪಡೆದಿದ್ದರೆ ಮುಂದಿನ ಭಾನುವಾರ ಎಂಟು ಗಂಟೆಗೆ ಅವನ ಮುಂದೆ ಏನಿರುತ್ತಿತ್ತು? ಖಾಲಿ ಕೋಣೆ, ತೆರೆದ ಲ್ಯಾಪ್‌ಟಾಪ್, ಮತ್ತೆ ಅದೇ ಭಯ. ಈ ಸಲ ಅದನ್ನು ಹೊರಿಸಲು ಪ್ರಾರ್ಥನೆಯೂ ಇರುತ್ತಿರಲಿಲ್ಲ. ಹೀಗಾಗಿ ಕುಸಿದ ಇಬ್ಬರನ್ನು ನಾನು ಕಂಡಿದ್ದೇನೆ. ಒಬ್ಬಳು ಹಾಸ್ಟೆಲ್ ಬಿಟ್ಟು ಪೀಜಿಗೆ ಹೋದಳು, ರಾತ್ರಿಯಿಡೀ ಇಂಟರ್ನೆಟ್ ಸಿಕ್ಕಿತು, ಮೂರು ತಿಂಗಳು ಒಂದು ಸಾಲು ಕೋಡ್ ಬರೆಯಲಾಗದೆ ಅತ್ತಳು.

ಎಲ್ಲರಿಗೂ ನಾನು ಹೀಗೆ ಹೇಳುವುದಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕು. ಹೋದ ವರ್ಷ ಬೇರೊಂದು ಧರ್ಮದ ಹುಡುಗಿಯೊಬ್ಬಳು ಬಂದಿದ್ದಳು. ಪ್ರಾರ್ಥನೆಗೆ ಬರಲಿಲ್ಲ ಎಂದು ಅವಳನ್ನು ಎಲ್ಲರೆದುರು ನಿಲ್ಲಿಸಿ ಮಾತಾಡಿಸಿದ್ದರು, ಲ್ಯಾಬ್ ಅಂಕದ ಬೆದರಿಕೆಯೂ ಇತ್ತು. ಅವಳಿಗೆ ನಾಲ್ಕು ದಿನವೂ ಕಾಯಬೇಡ ಎಂದೆ. ಮರುದಿನವೇ ಲಿಖಿತ ದೂರು ಕೊಡಿಸಿದೆ, ತಂದೆತಾಯಿಯನ್ನು ಕರೆಸಿದೆ. ಅವಮಾನ ನಡೆಯುತ್ತಿರುವಾಗ ಮನಸ್ಸಿನ ಮೂಟೆ ಬಿಚ್ಚುತ್ತಾ ಕೂರಬಾರದು. ಮೊದಲು ಏಟು ನಿಲ್ಲಬೇಕು.

ಹಾಸ್ಟೆಲ್ ನಡೆಸುವವರಿಗೆ ನನ್ನ ಬಿನ್ನಹ ಒಂದಿದೆ. ನಿಮ್ಮ ಪ್ರಾರ್ಥನೆಯಲ್ಲಿ ಶಾಂತಿ ಸಿಗುವ ಮಕ್ಕಳಿದ್ದಾರೆ, ಅವರನ್ನೂ ನಾನು ಕಂಡಿದ್ದೇನೆ. ಕೋಡಿನಲ್ಲಿ ಒಂದು ದೋಷ ಹಿಡಿಯಲು ಆರು ಗಂಟೆ ಒದ್ದಾಡಿದವರಿಗೆ ಅರ್ಧ ಗಂಟೆ ಕಣ್ಣುಮುಚ್ಚಿ ಕೂರುವುದು ಔಷಧಿ. ಅಂಥ ಮಕ್ಕಳು ಕರೆಯದೆಯೂ ಬರುತ್ತಾರೆ. ಮಿಕ್ಕವರನ್ನು ಹಾಜರಿ ಪುಸ್ತಕ ತೋರಿಸಿ ಎಳೆದು ತಂದರೆ ಅವರು ಬಾಯಿ ಆಡಿಸಲು ಕಲಿಯುತ್ತಾರೆ ಅಷ್ಟೆ. ಆ ಅಭ್ಯಾಸ ಅಲ್ಲಿಗೇ ನಿಲ್ಲುವುದಿಲ್ಲ. ಅರ್ಥವಾಗದ ಪ್ರೋಗ್ರಾಂ ನಕಲು ಮಾಡಿ ಲ್ಯಾಬ್ ರೆಕಾರ್ಡ್ ತುಂಬಿಸುವವರೂ ಬಾಯಿಯನ್ನೇ ಆಡಿಸುತ್ತಿರುತ್ತಾರೆ. ಅಪ್ಪ ಅಮ್ಮಂದಿರಿಗೂ ಒಂದು ಮಾತು: ಕಾಲೇಜು ನೋಡಲು ಹೋದಾಗ ಶಿಸ್ತು ಹೇಗಿದೆ ಎಂದು ಕೇಳುತ್ತೀರಿ. ಲ್ಯಾಬ್ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದೂ ಕೇಳಿ. ಮಗನನ್ನು ಜೊತೆಗೆ ಕರೆದುಕೊಂಡು ಹೋಗಿ, ಅವನೇ ಕೇಳಲಿ.

ಹುಡುಗ ನಾಲ್ಕರಲ್ಲಿ ಮೂರು ಭಾನುವಾರ ಕೂತ. ಮೊದಲ ವಾರ ಸೊನ್ನೆ. ಎರಡನೇ ವಾರ ಆಂತರಿಕ ಪರೀಕ್ಷೆ ಎಂದು ತಪ್ಪಿಸಿದ. ಅದು ನಿಜವೋ ನೆಪವೋ ನಾನು ಕೇಳಲಿಲ್ಲ. ಮೂರನೇ ವಾರ ಒಂದು ಲೆಕ್ಕ, ನಾಲ್ಕನೇ ವಾರವೂ ಒಂದೇ, ಆದರೆ ಎರಡನೆಯದು ಯಾಕೆ ಆಗಲಿಲ್ಲ ಎಂದು ಅರ್ಧ ಪುಟ ಬರೆದುಕೊಂಡು ಬಂದಿದ್ದ. ಆ ಅರ್ಧ ಪುಟವನ್ನು ನನಗೆ ಓದಿ ಹೇಳಿದ. ನನಗೆ ಕಾಲು ಭಾಗ ಅರ್ಥವಾಗಿರಬಹುದು. ಅವನ ದನಿ ತಗ್ಗಿರಲಿಲ್ಲ, ಬಾಗಿಲ ಕಡೆ ನೋಡಲೂ ಇಲ್ಲ.

ಪತ್ರವನ್ನೂ ಬರೆದ. ಸಂವಿಧಾನದ ಮಾತನ್ನು ಕೊನೆಯ ಸಾಲಿನಲ್ಲಿಟ್ಟ, ಅದು ಅವನದೇ ತೀರ್ಮಾನ. ಪ್ರಾಂಶುಪಾಲರು ಕರೆಸಿ ಕೂರಿಸಿಕೊಂಡು ಪತ್ರವನ್ನು ಎರಡು ಸಲ ಓದಿದರಂತೆ. ಓದಿ, "ನಿನಗೆ ಪ್ರಾರ್ಥನೆ ಬೇಡವೋ, ಸ್ಪರ್ಧೆ ಬೇಕೋ? ಯಾವುದಪ್ಪ?" ಎಂದು ಕೇಳಿದರಂತೆ.

"ಎರಡೂ ಸರ್. ಆದ್ರೆ ಎರಡೂ ಬೇರೆ ಬೇರೆ" ಎಂದನಂತೆ ಇವನು.

ಭಾನುವಾರದ ಮಟ್ಟಿಗೆ ವಿನಾಯಿತಿ ಸಿಕ್ಕಿದೆ. ದಿನದ ಅರ್ಧ ಗಂಟೆಯ ವಿಷಯ ಆಡಳಿತ ಮಂಡಳಿಯ ಮುಂದಿದೆ. ವೈಫೈ ಈಗಲೂ ಹತ್ತಕ್ಕೇ ಬಂದ್ ಆಗುತ್ತದೆ. ಮನೆಯಲ್ಲಿ ಅಪ್ಪನಿಗೆ ವಿಷಯ ಗೊತ್ತು; ಅಮ್ಮನಿಗೆ ಗೊತ್ತಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ತಾನೇ ಹೇಳುತ್ತೇನೆ, ಅದಕ್ಕೆ ಮುಂಚೆ ಒಂದು ಸಲ ನಿಮ್ಮ ಹತ್ತಿರ ಬರುತ್ತೇನೆ ಎಂದಿದ್ದಾನೆ. ಮುಂದಿನ ಗುರುವಾರ ಸಂಜೆ ಐದಕ್ಕೆ ಸಮಯ ಕೊಟ್ಟಿದ್ದೇನೆ.