ಸ್ವರ ಬರೆಯಲು ಬಾರದವನ ಹಾಡುಗಳು

ಓದುಗರ ಪತ್ರ: ಕ್ರಿಸ್‌ಮಸ್ ಸಂಚಿಕೆಯ ಚೌಕದಲ್ಲಿ ಅಮೆರಿಕದ ಹಾಡುಗಾರಿಕೆಯ ದೊಡ್ಡ ಹೆಸರು ಇರ್ವಿಂಗ್ ಬರ್ಲಿನ್‌ಗೆ ಸ್ವರಲಿಪಿ ಬರುತ್ತಿರಲಿಲ್ಲ ಎಂದು ಹಾಕಿದ್ದೀರಿ. ನಾನು ಆಯುಷ್ಯವಿಡೀ ಪೇಟಿ ಕಲಿಸಿದವನು. ಸ್ವರ ಬರೆಯಲು ಬಾರದವನು ಹಾಡು ಕಟ್ಟಿದ ಅಂದರೆ ಹೇಗೆ? ಯಾರೋ ಮಾಡಿದ್ದಕ್ಕೆ ಇವನ ಹೆಸರು ಹಾಕಿರಬೇಕು. ಅದೂ ರಷ್ಯಾದಿಂದ ಬಂದ ಯಹೂದಿ ಕ್ರಿಸ್‌ಮಸ್ ಹಾಡು ಬರೆಯುವುದೆಂದರೇನು? – ಧಾರವಾಡದ ಓದುಗರೊಬ್ಬರು

ಮಾಸ್ತರೇ, ನಮಸ್ಕಾರ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಬೆರಗಿನ ಸಂಗತಿ ಒಂದನ್ನು ನಾಲ್ಕು ಸಾಲಿನಲ್ಲಿ ಹಾಕಿ ಕೈತೊಳೆದುಕೊಂಡೆವು. ಜಾಗ ಇರಲಿಲ್ಲ ಅನ್ನೋದು ಎಲ್ಲ ಸಂಪಾದಕರ ಹಳೇ ನೆಪ. ಈ ಸಲ ಜಾಗ ಮಾಡಿಕೊಂಡಿದ್ದೇನೆ.

ನಿಮ್ಮ ಅನುಮಾನಕ್ಕೆ ನೂರು ವರ್ಷ ದಾಟಿದೆ. 1911ರಲ್ಲಿ ಬರ್ಲಿನ್‌ನ ‘ಅಲೆಕ್ಸಾಂಡರ್ಸ್ ರ‍್ಯಾಗ್‌ಟೈಮ್ ಬ್ಯಾಂಡ್’ ಹಾಡು ದೇಶ ತುಂಬಾ ಹರಡಿತು. ಆಗಿನ್ನೂ ಮನೆಗಳಲ್ಲಿ ರೇಡಿಯೋ ಇಲ್ಲ. ಹಾಡಿನ ಮಾತು, ಸ್ವರ ಎರಡನ್ನೂ ಅಚ್ಚು ಹಾಕಿ ಮಾರುತ್ತಿದ್ದರು. ಜನ ಕೊಂಡುಹೋಗಿ ಮನೆಯ ಪಿಯಾನೋದಲ್ಲಿ ನುಡಿಸಿಕೊಳ್ಳುತ್ತಿದ್ದರು. ಈ ಹಾಡಿನ ಹಾಳೆಗಳು ಹತ್ತು ಲಕ್ಷ ದಾಟಿ ಮಾರಾಟವಾದವು. ಬರೆದವನಿಗೆ 23 ವರ್ಷ. ಹೊಟ್ಟೆಕಿಚ್ಚು ಸುಮ್ನೆ ಬಿಡುತ್ತದೆಯೇ? ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಯಾರೋ ಕಪ್ಪು ಹುಡುಗನನ್ನು ಇಟ್ಟುಕೊಂಡಿದ್ದಾನೆ, ಎಲ್ಲಾ ಅವನೇ ಬರೆದುಕೊಡೋದು ಅಂತ ಗಾಳಿಮಾತು ಹುಟ್ಟಿತು. ಆ ಹುಡುಗನನ್ನು ಮಾತ್ರ ಯಾರೂ ತಂದು ತೋರಿಸಲಿಲ್ಲ. ರ‍್ಯಾಗ್‌ಟೈಮ್ ಎಂಬ ಕುಣಿಸುವ ಲಯದ ಶೈಲಿ ಕಪ್ಪು ಸಂಗೀತಗಾರರ ಸೊತ್ತು, ಅದರ ಋಣ ಬರ್ಲಿನ್ ಮೇಲೆ ಖಂಡಿತ ಇದೆ. ಆದರೆ ಋಣ ಬೇರೆ, ಕಳವು ಬೇರೆ.

ಅವನು ಹಾಡು ಕಟ್ಟುತ್ತಿದ್ದ ರೀತಿ ನಿಮಗೆ ಬೇಗ ಅರ್ಥವಾಗುತ್ತದೆ. ಅವನಿಗೆ ನುಡಿಸಲು ಬರುತ್ತಿದ್ದದ್ದು ಬಹುಮಟ್ಟಿಗೆ ಒಂದೇ ಶ್ರುತಿಯಲ್ಲಿ. ನಿಮ್ಮ ಲೆಕ್ಕದಲ್ಲಿ ಅದು ಕರಿ ಮೂರು, ಅಂದರೆ ಪೇಟಿಯ ಮೂರನೇ ಕರಿ ಪಟ್ಟಿಯೇ ಷಡ್ಜ. ಬೆರಳೆಲ್ಲ ಹೆಚ್ಚುಕಡಿಮೆ ಕರಿ ಪಟ್ಟಿಗಳ ಮೇಲೇ ಓಡಾಡಬೇಕು. ಬೇರೆ ಶ್ರುತಿ ಬೇಕಾದರೆ? ಅದಕ್ಕೆ ಒಂದು ವಿಶೇಷ ಪಿಯಾನೋ ಇಟ್ಟುಕೊಂಡಿದ್ದ. ಕೀಬೋರ್ಡಿನ ಕೆಳಗೆ ಒಂದು ಹಿಡಿ. ಅದನ್ನು ಸರಿಸಿದರೆ ಒಳಗಿನ ಸುತ್ತಿಗೆಗಳು ಪಕ್ಕದ ತಂತಿಗಳಿಗೆ ಬಡಿಯುತ್ತವೆ. ಬೆರಳು ಇದ್ದಲ್ಲೇ ಇರುತ್ತದೆ, ಶ್ರುತಿ ಏರುತ್ತದೆ ಇಲ್ಲವೇ ಇಳಿಯುತ್ತದೆ. ನಮ್ಮ ಸ್ಕೇಲ್ ಚೇಂಜರ್ ಪೇಟಿಯ ಉಪಾಯವೇ ಅಲ್ವಾ ಇದು? ಬರ್ಲಿನ್ ಅದನ್ನು ತಮಾಷೆಗೆ ‘ಬ್ಯುಯಿಕ್’ ಅನ್ನುತ್ತಿದ್ದ, ಕಾರಿನ ಹೆಸರು. ಅಂಥ ಒಂದು ಪಿಯಾನೋ ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ಸ್ವರ ಬರೆದುಕೊಳ್ಳಲು ಪಕ್ಕದಲ್ಲಿ ಒಬ್ಬ ಸಹಾಯಕ. ಬಹಳ ವರ್ಷ ಹೆಲ್ಮಿ ಕ್ರೇಸಾ ಅನ್ನುವವನು ಈ ಕೆಲಸ ಮಾಡಿದ. ಬರ್ಲಿನ್ ಹಾಡಿ ತೋರಿಸುವುದು, ಇವನು ಬರೆದುಕೊಂಡು ತಿರುಗಿ ನುಡಿಸುವುದು. ರಾಗದ ಕೆಳಗೆ ಒಟ್ಟಿಗೆ ನುಡಿಸುವ ಸ್ವರಮೇಳ ತಪ್ಪಿದರೆ ಬರ್ಲಿನ್‌ನ ಕಿವಿ ಹಿಡಿಯುತ್ತಿತ್ತು. ಆ ಸ್ವರಮೇಳದ ಹೆಸರು ಹೇಳಲು ಬಾರದು, ಆದರೆ ‘ಇದಲ್ಲ, ಇದೂ ಅಲ್ಲ’ ಎಂದು ಬೇಕಾದದ್ದು ಸಿಗುವವರೆಗೆ ಹುಡುಕಿಸುತ್ತಿದ್ದ. ಮಾತುಗಳೂ ಅವನವೇ. ಆ ಕಾಲದಲ್ಲಿ ಮಾತಿಗೊಬ್ಬ, ರಾಗಕ್ಕೊಬ್ಬ ಇರುವುದೇ ರೂಢಿ. ಹಾಗಾಗಿ ಗುಮಾಸ್ತ ಬರೆದುಕೊಂಡ ಮಾತ್ರಕ್ಕೆ ಅರ್ಜಿ ಗುಮಾಸ್ತನದಾಗುವುದಿಲ್ಲ ಅಂತ ನನ್ನ ವಾದ. ನಿಮ್ಮ ಶಿಷ್ಯರಲ್ಲೂ ಪುಸ್ತಕ ಮುಟ್ಟದೆ ಕಿವಿಯಿಂದಲೇ ಕಲಿತವರು ಇರಲೇಬೇಕು.

ಕಲಿಯಲು ಅವನಿಗೆ ಪುರಸೊತ್ತಾದರೂ ಎಲ್ಲಿತ್ತು ಹೇಳಿ. ಹುಟ್ಟಿದ್ದು 1888ರಲ್ಲಿ, ಹೆಸರು ಇಸ್ರೇಲ್ ಬೇಲಿನ್. ಐದು ವರ್ಷದವನಿದ್ದಾಗ, 1893ರಲ್ಲಿ, ಕುಟುಂಬ ನ್ಯೂಯಾರ್ಕಿಗೆ ಬಂತು. ಅಪ್ಪ ಯಹೂದಿ ಮಂದಿರದಲ್ಲಿ ಪ್ರಾರ್ಥನೆ ಹಾಡುತ್ತಿದ್ದವರು. ಎಂಟು ಮಕ್ಕಳು, ಇವನೇ ಕೊನೆಯವನು. ಹದಿಮೂರಕ್ಕೆ ಅಪ್ಪ ತೀರಿಕೊಂಡರು. ಅದಕ್ಕೂ ಮೊದಲೇ ಬೀದಿಯಲ್ಲಿ ಪೇಪರ್ ಮಾರುತ್ತಿದ್ದ ಹುಡುಗ, ಮನೆಗೆ ಭಾರವಾಗಬಾರದೆಂದು ಹೊರಬಿದ್ದ. ಬೌರಿ ಬೀದಿಯ ಹೆಂಡದಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ಹಾಡಿದ. ಆಮೇಲೆ ಚೈನಾಟೌನಿನ ಪೆಲ್ ಬೀದಿಯಲ್ಲಿ ಹಾಡುವ ವೇಟರ್. ತಟ್ಟೆ ಹಿಡಿದೇ ಹಾಡಬೇಕು, ಗಿರಾಕಿ ಎಸೆದ ಕಾಸು ಹೆಕ್ಕಬೇಕು. ಅಂಗಡಿ ಮುಚ್ಚಿದ ಮೇಲೆ ಅಲ್ಲಿನ ಪಿಯಾನೋ ಮೇಲೆ ಬೆರಳಾಡಿಸಿ ಕಲಿತದ್ದೇ ಅವನ ಶಾಲೆ. 1907ರಲ್ಲಿ ಮೊದಲ ಹಾಡು ಅಚ್ಚಾಯಿತು. ಅದಕ್ಕೆ ಮಾತು ಮಾತ್ರ ಅವನದು, ಅವನ ಪಾಲಿಗೆ ಬಂದದ್ದು ಅರ್ಧ ಡಾಲರಿಗೂ ಕಡಿಮೆ. ಹಾಳೆಯ ಮೇಲೆ ಹೆಸರು ‘ಐ. ಬರ್ಲಿನ್’ ಎಂದಿತ್ತು. ಅದೇ ಉಳಿಯಿತು.

ಮುಂದೆ ಸ್ವಂತ ಪ್ರಕಾಶನ, ನ್ಯೂಯಾರ್ಕಿನ ನಾಟಕಗಳ ಬೀದಿ ಬ್ರಾಡ್‌ವೇ ಬಳಿ ಪಾಲುದಾರಿಕೆಯ ಥಿಯೇಟರ್, ಹಾಲಿವುಡ್, ಎಲ್ಲ ಬಂತು. ಅದರ ಪಟ್ಟಿ ಬೇಡ. ‘ಗಾಡ್ ಬ್ಲೆಸ್ ಅಮೆರಿಕ’ ಒಂದನ್ನು ಹೇಳಲೇಬೇಕು. 1918ರಲ್ಲಿ ಸೈನ್ಯದಲ್ಲಿದ್ದಾಗ ಅಲ್ಲಿನ ನಾಟಕಕ್ಕೆಂದು ಬರೆದು, ಹೊಂದುವುದಿಲ್ಲ ಎಂದು ಬದಿಗಿಟ್ಟ. ಇಪ್ಪತ್ತು ವರ್ಷ ಅದು ಹಾಗೇ ಬಿದ್ದಿತ್ತು. 1938ರಲ್ಲಿ ಸ್ವಲ್ಪ ತಿದ್ದಿ ಗಾಯಕಿ ಕೇಟ್ ಸ್ಮಿತ್‌ಗೆ ಕೊಟ್ಟ, ಅವಳು ರೇಡಿಯೋದಲ್ಲಿ ಹಾಡಿದಳು. ಅದರ ದುಡ್ಡೆಲ್ಲ ಸ್ಕೌಟ್ಸ್ ಮಕ್ಕಳಿಗೆ ಹೋಗುವಂತೆ ಬರೆದುಕೊಟ್ಟ. ತನ್ನ ಹಾಡುಗಳ ಹಕ್ಕಿನ ವಿಷಯದಲ್ಲಿ ಬಹಳ ಬಿಗಿ ಇದ್ದ ಮನುಷ್ಯ, ಗಮನಿಸಿ.

ಇನ್ನು ಕ್ರಿಸ್‌ಮಸ್. ‘ವೈಟ್ ಕ್ರಿಸ್‌ಮಸ್’ ಹಾಡಿನಲ್ಲಿ ಏಸು ಇಲ್ಲ, ಚರ್ಚೂ ಇಲ್ಲ. ಹಿಮ, ಮರ, ಕಿವಿ ನಿಮಿರಿಸಿದ ಮಕ್ಕಳು, ಶುಭಾಶಯದ ಕಾರ್ಡು, ಅಷ್ಟೇ. ಈಗ ಯಾರೂ ಹೆಚ್ಚಾಗಿ ಹಾಡದ ಒಂದು ಮೊದಲ ಚರಣ ಇದೆ. ಅದರಲ್ಲಿ ಬಿಸಿಲು, ಹಸಿರು ಹುಲ್ಲು, ಕಿತ್ತಳೆ ಮರ, ತಾಳೆ ಮರ! ಲಾಸ್ ಏಂಜಲೀಸ್‌ನ ಬಿಸಿಲಲ್ಲಿ ಕೂತವನೊಬ್ಬ ಉತ್ತರದ ಹಿಮ ನೆನೆಯುವ ಹಾಡು ಅದು. ಆ ಚರಣವನ್ನು ಬರ್ಲಿನ್ನೇ ಆಮೇಲೆ ಕೈಬಿಡಿಸಿದ, ಬರೀ ಹಂಬಲ ಉಳಿಯಿತು. 1942ರಲ್ಲಿ ಗಾಯಕ ಬಿಂಗ್ ಕ್ರಾಸ್ಬಿ ದನಿಯಲ್ಲಿ ಬಂದಾಗ, ದೂರದೇಶಗಳಲ್ಲಿದ್ದ ಸೈನಿಕರು ಇದನ್ನೇ ಮತ್ತೆ ಮತ್ತೆ ಕೇಳಿಸಿ ಎಂದು ಬೇಡಿದರು. ಇನ್ನೊಂದು ವಿಷಯವೂ ಇದೆ. 1928ರ ಕ್ರಿಸ್‌ಮಸ್ ದಿನವೇ ಬರ್ಲಿನ್‌ನ ಗಂಡುಮಗು ತೀರಿಕೊಂಡಿತ್ತು, ತಿಂಗಳೂ ತುಂಬದ ಕೂಸು. ಹಾಡು ಅದರಿಂದಲೇ ಹುಟ್ಟಿತು ಎಂದು ನಾನು ಹೇಳುವುದಿಲ್ಲ. ಆ ಮನೆಯ ಕ್ರಿಸ್‌ಮಸ್ ಹೇಗಿತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಆ ಹಾಡಿಗೆ ಆಸ್ಕರ್ ಬಂದ ರಾತ್ರಿ ಬಹುಮಾನ ಕೊಡಲು ವೇದಿಕೆಗೆ ಕರೆಸಿದ್ದು ಬರ್ಲಿನ್‌ನನ್ನೇ. ಲಕೋಟೆ ಒಡೆದ, ನೋಡಿದ. ಒಳಗೆ ಇದ್ದದ್ದು ಅವನದೇ ಹೆಸರು, ತಾನೇ ಓದಿ ಹೇಳಬೇಕಾಯಿತು.

– ಸಂಪಾದಕ