ನೀರನ್ನು ಬಿಟ್ಟು ನೀಲಿಕಲ್ಲನ್ನೇಕೆ ಪರೀಕ್ಷಿಸುತ್ತಾರೆ?

ಪ್ರಶ್ನೆ: ಅಮೆರಿಕದಲ್ಲಿ ಕಡಲಿನ ಮಾಲಿನ್ಯವನ್ನು ಅಳೆಯಲು ನೀಲಿಕಲ್ಲು (ಮಸಲ್), ಸಿಂಪಿ ಎಂಬ ಚಿಪ್ಪುಜೀವಿಗಳನ್ನು ಪರೀಕ್ಷಿಸುತ್ತಾರೆಂದು ಓದಿದೆ. ನೀರನ್ನೇ ಪರೀಕ್ಷಿಸಿದರೆ ಸಾಲದೆ? ನಮ್ಮ ಮನೆಯಲ್ಲಿ ಇಂಥದೇ ಚಿಪ್ಪುಜೀವಿಯಾದ ಬಳಚಿನ ಅಡುಗೆ ಆಗಾಗ ಆಗುತ್ತದೆ. ಅದನ್ನು ತಿನ್ನುವ ಬಗ್ಗೆಯೂ ತಿಳಿಸಿ.
– ಕುಮಟಾದ ಓದುಗರು

ಉತ್ತರ: ನೀರಿನ ಪರೀಕ್ಷೆಯೂ ಬೇಕು. ಆದರೆ ಅದು ಬಾಟಲಿ ತುಂಬಿದ ಆ ಗಳಿಗೆಯ ಸ್ಥಿತಿಯನ್ನಷ್ಟೇ ತಿಳಿಸುತ್ತದೆ. ಭರತ ಇಳಿತಗಳಿರುವ ಅಳಿವೆಯಲ್ಲಿ, ರಾತ್ರಿ ಹರಿದುಬಂದ ತ್ಯಾಜ್ಯ ಬೆಳಗಾಗುವಷ್ಟರಲ್ಲಿ ಕೊಚ್ಚಿಹೋಗಿರಬಹುದು. ಗಟ್ಟಿ ಎಳೆಗಳಿಂದ ಬಂಡೆಗೆ ಅಂಟಿಕೊಂಡ ನೀಲಿಕಲ್ಲಾದರೋ ಇದ್ದಲ್ಲೇ ಇದ್ದು, ಕಿವಿರುಗಳ ಮೂಲಕ ನೀರನ್ನು ಸೋಸಿ ಆಹಾರ ಹುಡುಕುತ್ತದೆ. ಆ ನೀರಿನೊಡನೆ ಬಂದ ಕ್ಯಾಡ್ಮಿಯಂ, ಸೀಸ, ಪಾದರಸ, ಡಿಡಿಟಿಯಂಥ ಕೀಟನಾಶಕಗಳು ಅದರ ಮಾಂಸದಲ್ಲಿ ಸೇರುತ್ತಾ ಹೋಗಿ, ಹಲವು ವಸ್ತುಗಳ ಪ್ರಮಾಣ ನೀರಿನಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚುತ್ತದೆ. ಮೀನಿನ ದೇಹ ಒಡೆದು ಹೊರಹಾಕಬಲ್ಲ ಎಷ್ಟೋ ರಾಸಾಯನಿಕಗಳನ್ನು ಇದರ ದೇಹ ಅಷ್ಟು ಸುಲಭವಾಗಿ ಒಡೆಯಲಾರದು. ಆದ್ದರಿಂದ ಕಳೆದ ಕೆಲವು ವಾರ, ತಿಂಗಳುಗಳಲ್ಲಿ ಆ ಜಾಗದ ನೀರು ಹೇಗಿತ್ತೆಂಬುದು ಅದರ ಮಾಂಸದಿಂದ ತಿಳಿಯುತ್ತದೆ.

ಇದನ್ನು ವ್ಯವಸ್ಥಿತವಾಗಿ ಬಳಸಬೇಕೆಂದು 1975ರಲ್ಲಿ ಸೂಚಿಸಿದವರು ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಮುದ್ರವಿಜ್ಞಾನ ಸಂಸ್ಥೆಯ ಎಡ್ವರ್ಡ್ ಗೋಲ್ಡ್‌ಬರ್ಗ್. ನೀವು ಓದಿರುವುದು 1986ರಿಂದ ಅಲ್ಲಿನ ಸಾಗರ ಮತ್ತು ವಾಯುಮಂಡಲ ಇಲಾಖೆ ನಡೆಸುತ್ತಿರುವ ‘ಮಸಲ್ ವಾಚ್’ ಯೋಜನೆಯ ಬಗ್ಗೆ ಇರಬೇಕು. 1972ರಲ್ಲಿ ಅಮೆರಿಕ ನಿಷೇಧಿಸಿದ ಡಿಡಿಟಿಯ ಅಂಶ ಚಿಪ್ಪುಜೀವಿಗಳಲ್ಲಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂದದ್ದನ್ನು ಈ ಯೋಜನೆ ದಾಖಲಿಸಿದೆ. ನನ್ನ ದೃಷ್ಟಿಯಲ್ಲಿ ಇದರ ಅಸಲಿ ಬೆಲೆ ಇರುವುದು ಇಲ್ಲಿಯೇ: ಒಂದೇ ಜಾಗದಿಂದ ದಶಕಗಳ ಕಾಲ ತಪ್ಪದೆ ಮಾದರಿ ತೆಗೆದದ್ದರಿಂದಲೇ ಒಂದು ಕಾನೂನು ಫಲ ಕೊಟ್ಟಿತೇ ಎಂದು ನೋಡಲು ಸಾಧ್ಯವಾಯಿತು.

ಹೋಲಿಸುವಾಗ ಮಾತ್ರ ಎಚ್ಚರ ಬೇಕು. ಸಿಂಪಿ ಸಹಜವಾಗಿಯೇ ನೀಲಿಕಲ್ಲಿಗಿಂತ ಬಹಳ ಹೆಚ್ಚು ಸತು, ತಾಮ್ರಗಳನ್ನು ಕೂಡಿಸಿಕೊಳ್ಳುವುದರಿಂದ ಒಂದೂರಿನ ಸಿಂಪಿಯನ್ನು ಇನ್ನೊಂದೂರಿನ ನೀಲಿಕಲ್ಲಿನೊಡನೆ ತೂಗುವಂತಿಲ್ಲ. ಮೊಟ್ಟೆ ಬಿಡುವ ಕಾಲದಲ್ಲಿ ಮೈಯ ಕೊಬ್ಬು ಏರುಪೇರಾಗಿ, ಕೊಬ್ಬಿನಲ್ಲಿ ಕರಗುವ ರಾಸಾಯನಿಕಗಳ ಲೆಕ್ಕವೂ ತಪ್ಪುತ್ತದೆ. ಹಾಗಾಗಿ ಪ್ರತಿ ಸಲವೂ ಒಂದೇ ಋತುವಿನಲ್ಲಿ, ಸುಮಾರು ಒಂದೇ ಗಾತ್ರದವನ್ನು ಆರಿಸುತ್ತಾರೆ. ಚಿಪ್ಪುಜೀವಿಗಳೇ ಇಲ್ಲದ ಕಡೆ, ಶುದ್ಧ ನೀರಿನ ತಾಣದಿಂದ ತಂದವನ್ನು ಬಲೆಚೀಲದಲ್ಲಿ ಕೆಲವು ವಾರ ತೂಗುಬಿಟ್ಟು ಪರೀಕ್ಷಿಸುವುದುಂಟು.

ಇನ್ನು ನಿಮ್ಮ ಅಡುಗೆಯ ವಿಷಯ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ನಿಮ್ಮ ಅಘನಾಶಿನಿ ಅಳಿವೆ ಬಳಚಿಗೆ ಹೆಸರಾದದ್ದು, ಎಷ್ಟೋ ಮನೆಗಳ ಜೀವನವೂ ಅದರಿಂದ ನಡೆಯುತ್ತದೆ. ಹೆದರಿ ಬಳಚನ್ನೇ ಬಿಡಬೇಕೆಂದು ನಾನು ಹೇಳಲಾರೆ. ಕೊಳಚೆಯಿಂದ ಬಂದ ಬ್ಯಾಕ್ಟೀರಿಯಾಗಳು, ಬಳಚನ್ನು ಶುದ್ಧ ಉಪ್ಪುನೀರಿನಲ್ಲಿ ಒಂದೆರಡು ದಿನ ಜೀವಂತ ಇಟ್ಟಾಗ ಬಹುಮಟ್ಟಿಗೆ ಹೊರಬೀಳುತ್ತವೆ. ಉಳಿದವು ಚೆನ್ನಾಗಿ ಬೇಯಿಸಿದಾಗ ಸಾಯುತ್ತವೆ. ಆದರೆ ಮಾಂಸದಲ್ಲಿ ಸೇರಿದ ಲೋಹಗಳು, ಕೆಲವು ಪಾಚಿಗಳಿಂದ ಬರುವ ವಿಷಗಳು ಬೆಂಕಿಗೆ ಜಗ್ಗುವುದಿಲ್ಲ. ಆದ್ದರಿಂದ ಚರಂಡಿ ಸೇರುವಲ್ಲಿ, ದೋಣಿಗಳಿಗೆ ಬಣ್ಣ ಬಳಿಯುವ ಕಟ್ಟೆಯ ಬಳಿ, ನೀರಿನ ಬಣ್ಣ ಕೆಟ್ಟಿರುವ ದಿನಗಳಲ್ಲಿ ಹೆಕ್ಕಿದ ಬಳಚನ್ನು ಮನೆಗೆ ತರಬೇಡಿ.