ಎಂ.ಟೆಕ್ ಥೀಸಿಸ್‌ಗೆ ಪಿಐಡಿ ಬಿಟ್ಟು ಎಂಪಿಸಿ ಅಥವಾ ನ್ಯೂರಲ್ ಕಂಟ್ರೋಲ್ ತಗೊಳ್ಳಲಾ? ಸಿಮ್ಯುಲೇಶನ್ ಒಂದೇ ಸಾಕಾ?

"ಪಿಐಡಿ ಸಿಮ್ಯುಲೇಶನ್‌ನಲ್ಲಿ ಚೆನ್ನಾಗೇ ಬರ್ತಿದೆ, ಆದ್ರೆ ತುಂಬಾ ಹಳೇದು ಅನ್ಸುತ್ತೆ" ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ನಗು ಬಂತು. ಇದನ್ನೇ ನಾನೂ ನನ್ನ ಗೈಡ್ ಮುಂದೆ ಕೂತು ಹೇಳಿದ್ದೆ. (ಹೊಸಬರಿಗೆ: ಪಿಐಡಿ ಅಂದ್ರೆ ಬೇಕಾದ ಬೆಲೆಗೂ ಈಗಿರೋ ಬೆಲೆಗೂ ಇರೋ ವ್ಯತ್ಯಾಸ ನೋಡಿ ಔಟ್‌ಪುಟ್ ತಿದ್ದೋ ಕಂಟ್ರೋಲರ್. ಎಂಪಿಸಿ ಅಂದ್ರೆ ಗಣಿತದ ಮಾದರಿಯಿಂದ ಮುಂದೇನಾಗುತ್ತೆ ಅಂತ ಊಹಿಸಿ ತಿದ್ದೋದು.)

ನನ್ನದು ಡಿಸಿ ಮೋಟರಿನ ವೇಗವನ್ನ ಮೈಕ್ರೊಕಂಟ್ರೋಲರ್‌ನಿಂದ ಹಿಡಿದಿಡೋ ವಿಷಯ. ಬಿ.ಇ. ಹುಡುಗರೂ ಮಾಡ್ತಾರೆ, ಗೊತ್ತು. ಪಿಐ ಕಂಟ್ರೋಲರ್ (ಪಿಐಡಿಯಲ್ಲಿ ಪ್ರಪೋರ್ಷನಲ್, ಇಂಟಿಗ್ರಲ್ ಎರಡೇ ಭಾಗ) ಒಂದು ತಿಂಗಳಲ್ಲಿ ಮುಗಿಸಿ ಹೋಲಿಕೆಗೆ ಇಟ್ಕೊಂಡು, ಅದರ ಮೇಲೆ ಫಜಿ, ನ್ಯೂರಲ್ ಅಂತ ಏನಾದ್ರೂ ಭರ್ಜರಿಯಾಗಿ ಕೂರಿಸೋದು ನನ್ನ ಲೆಕ್ಕಾಚಾರ ಆಗಿತ್ತು. ಸಿಮ್ಯುಲಿಂಕ್‌ನಲ್ಲಿ (ಸಿಮ್ಯುಲೇಶನ್ ಸಾಫ್ಟ್‌ವೇರ್) ಎರಡೇ ದಿನಕ್ಕೆ ಪಿಐ ಪಕ್ಕಾ ಕೂತಿತು. ಗ್ರಾಫ್ ಪ್ರಿಂಟ್ ತೆಗೆದು ಹಾಸ್ಟೆಲ್ ಗೋಡೆಗೆ ಅಂಟಿಸಿದ್ದೆ, ಆ ಮಟ್ಟದ ಖುಷಿ.

ಆಮೇಲೆ ಲ್ಯಾಬ್. ಹಳೇ ಮೋಟರ್, ವೇಗ ಅಳೆಯೋಕೆ ಟ್ಯಾಕೋ ಜನರೇಟರ್, ಮೋಟರಿನ ವೋಲ್ಟೇಜ್ ಹೆಚ್ಚು ಕಮ್ಮಿ ಮಾಡೋಕೆ ಒಂದು ಚಾಪರ್, ಮೈಕ್ರೊಕಂಟ್ರೋಲರ್ ಅಂದ್ರೆ 16 ಬಿಟ್ಟಿನ ಡಿಎಸ್‌ಪಿಕ್ ಬೋರ್ಡ್. ಲೋಡ್ ಹಾಕೋದು ಅಂದ್ರೆ ಬ್ರೇಕ್ ಡ್ರಮ್ಮಿಗೆ ಬೆಲ್ಟ್ ಬಿಗಿಯೋದು, ಡ್ರಮ್ ಕಾಯದಂತೆ ಇನ್ನೊಬ್ಬರು ಮಗ್ಗಿನಲ್ಲಿ ನೀರು ಹುಯ್ಯೋದು. ಇಲೆಕ್ಟ್ರಿಕಲ್ ಓದಿದವರಿಗೆಲ್ಲ ಆ ಸುಟ್ಟ ಬೆಲ್ಟ್ ವಾಸನೆ ನೆನಪಿರುತ್ತೆ.

1500 ಆರ್‌ಪಿಎಂಗೆ ಸೆಟ್ ಮಾಡಿ ಬೆಲ್ಟ್ ಬಿಗಿದೆ. ವೇಗ ಬಿತ್ತು, ಎದ್ದಿತು, 1482ಕ್ಕೆ ಬಂದು ನಿಂತುಬಿಡ್ತು. ಗೈಡ್ ಕೇಳಿದ್ದು ಒಂದೇ ಪ್ರಶ್ನೆ: "ಇಂಟಿಗ್ರಲ್ ಇದೆಯಲ್ಲಪ್ಪ, ಮತ್ತೆ ಈ 18 ಎಲ್ಲಿಂದ ಬಂತು?" ಸರಿಯಾದ ಪ್ರಶ್ನೆ. ವ್ಯತ್ಯಾಸ ಎಷ್ಟೇ ಚಿಕ್ಕದಿರಲಿ, ಅದನ್ನ ಕೂಡಿಸ್ತಾ ಕೂಡಿಸ್ತಾ ಸೊನ್ನೆಗೆ ತರೋದೇ ಇಂಟಿಗ್ರಲ್ ಕೆಲಸ.

ನಾನು ಎಡವಿದ್ದು ಇಲ್ಲೇ. "ಸ್ಯಾಂಪ್ಲಿಂಗ್ ನಿಧಾನ ಆಯ್ತು ಸರ್, ಒಂದು ಮಿಲಿಸೆಕೆಂಡ್ ಇದೆ, ಜಾಸ್ತಿ ಮಾಡ್ತೀನಿ" ಅಂದೆ. ಸ್ಯಾಂಪ್ಲಿಂಗ್ ಅಂದ್ರೆ ಕಂಟ್ರೋಲರ್ ಸೆಕೆಂಡಿಗೆ ಎಷ್ಟು ಸಲ ವೇಗ ಓದಿ ಲೆಕ್ಕ ಹಾಕುತ್ತೆ ಅನ್ನೋದು. ಸ್ಯಾಂಪ್ಲಿಂಗ್ ಹೆಚ್ಚಿದಷ್ಟೂ ಡಿಜಿಟಲ್ ಕಂಟ್ರೋಲರ್ ಅನಲಾಗ್ ಥರಾನೇ ಆಗುತ್ತೆ ಅಂತ ಓದಿದ್ದೆ, ಅಷ್ಟೇ ಬಂಡವಾಳ. 1 ಕಿಲೋಹರ್ಟ್ಸ್‌ನಿಂದ ಒಂದೇ ಸಲ 20ಕ್ಕೆ ಏರಿಸಿದೆ. ಬೆಲ್ಟ್ ಬಿಗಿದೆ. ವೇಗ 1300ಕ್ಕೆ ಬಿದ್ದು ಅಲ್ಲೇ ಮಲಗಿತು.

ಮುಂದಿನ ನಾಲ್ಕು ತಿಂಗಳು ನಾನು ಅನುಮಾನ ಪಡದ ವಸ್ತು ಆ ಲ್ಯಾಬ್‌ನಲ್ಲಿ ಉಳಿಯಲಿಲ್ಲ. ಕಾರ್ಬನ್ ಬ್ರಶ್ ಬದಲಾಯಿಸಿದೆ, ಎಡಿಸಿಗೆ (ವೋಲ್ಟೇಜನ್ನ ಸಂಖ್ಯೆ ಮಾಡೋ ಭಾಗ) ಫಿಲ್ಟರ್ ಹಾಕಿದೆ. ಪ್ರಪೋರ್ಷನಲ್ ಗೇನ್ (ವ್ಯತ್ಯಾಸವನ್ನ ಗುಣಿಸೋ ಸಂಖ್ಯೆ) ಏರಿಸಿದ್ರೆ ಮೋಟರ್ ಕಿರುಚೋಕೆ ಶುರು ಮಾಡ್ತು. ಕ್ಯಾಂಪಸ್‌ನಲ್ಲಿ ಸಿಕ್ಕಿದ್ದ ಕೆಲಸದ ಸೇರೋ ದಿನ ದಾಟಿಹೋಯ್ತು, ಇನ್ನೊಂದು ಸೆಮಿಸ್ಟರ್ ಫೀಸು ಅಪ್ಪನ ಹತ್ರ ಕೇಳಬೇಕಾಯ್ತು.

ದಾರಿ ತೋರಿಸಿದ್ದು ನೀರು ಹುಯ್ತಿದ್ದ ಲ್ಯಾಬ್ ಇನ್‌ಸ್ಟ್ರಕ್ಟರ್. ಅವರಿಗೆ ಕೋಡ್ ಬರ್ತಿರಲಿಲ್ಲ. "ಒಂದು ನೋಡಿದ್ಯೇನಪ್ಪ? ಬೆಲ್ಟ್ ಬಿಗಿದ್ರೆ ಮಲಗುತ್ತೆ. ಸಡಿಲ ಬಿಟ್ರೆ ಮೇಲಕ್ಕೆ ಹಾರಿ ತಕ್ಷಣ 1500ಕ್ಕೆ ಬಂದು ಕೂರುತ್ತೆ. ನಿನ್ನ ಪ್ರೋಗ್ರಾಮಿಗೆ ಕಳೆಯೋದು ಬರುತ್ತೆ, ಕೂಡೋದು ಬರಲ್ಲ" ಅಂದ್ರು.

ಆ ರಾತ್ರಿ ಕಾಗದ ಪೆನ್ನು ಹಿಡಿದು ಕೂತೆ. ಲೆಕ್ಕವನ್ನ ಇಡಿಯಾಗಿ ಬರೀತೀನಿ, ಬೇಜಾರಾದ್ರೂ ಓದಿ. 3000 ಆರ್‌ಪಿಎಂ ಅನ್ನೋದನ್ನ ನಾನು 32768 ಅಂತ ಇಟ್ಕೊಂಡಿದ್ದೆ, ಅಂದ್ರೆ 16 ಬಿಟ್ಟಿನ ಫಿಕ್ಸೆಡ್ ಪಾಯಿಂಟ್, ದಶಮಾಂಶ ಇಲ್ಲದೆ ಪೂರ್ಣಾಂಕದಲ್ಲೇ ಲೆಕ್ಕ. ಇಂಟಿಗ್ರಲ್ ಗೇನ್ 5. ಪ್ರತಿ ಸ್ಯಾಂಪಲ್‌ಗೆ ಗೇನನ್ನ ಸ್ಯಾಂಪಲ್ ಸಮಯದಿಂದ ಗುಣಿಸಬೇಕು. 20 ಕಿಲೋಹರ್ಟ್ಸ್‌ನಲ್ಲಿ ಆ ಸಮಯ 50 ಮೈಕ್ರೊಸೆಕೆಂಡ್, ಗುಣಿಸಿದ್ರೆ 0.00025, ಅದನ್ನ 32768ರಿಂದ ಗುಣಿಸಿ ಪೂರ್ಣಾಂಕ ಮಾಡಿದ್ರೆ ಬರೀ 8. ವೇಗದ ವ್ಯತ್ಯಾಸವನ್ನ 8ರಿಂದ ಗುಣಿಸಿ 15 ಬಿಟ್ ಬಲಕ್ಕೆ ಸರಿಸ್ತಿದ್ದೆ, ಅಂದ್ರೆ 32768ರಿಂದ ಭಾಗಿಸಿ ಉಳಿದದ್ದನ್ನ ಬಿಸಾಡೋದು. ಉತ್ತರ 1 ಬರಬೇಕಾದ್ರೆ ವ್ಯತ್ಯಾಸ 4096 ಇರಲೇಬೇಕು. ಅದು 375 ಆರ್‌ಪಿಎಂ! ಅದಕ್ಕಿಂತ ಕಡಿಮೆ ಏನೇ ಇದ್ರೂ ಸೊನ್ನೆ. 200 ಆರ್‌ಪಿಎಂ ಕಮ್ಮಿ ಓಡ್ತಿದ್ರೂ ಇಂಟಿಗ್ರಲ್ ಸೆಕೆಂಡಿಗೆ 20,000 ಸಲ ಸೊನ್ನೆ ಕೂಡಿಸ್ತಾ ಕೂತಿತ್ತು. ಮೈನಸ್ ಸಂಖ್ಯೆಯನ್ನ ಬಲಕ್ಕೆ ಸರಿಸಿದ್ರೆ ಸೊನ್ನೆ ಆಗಲ್ಲ, −1 ಆಗುತ್ತೆ. ಹಾಗಾಗಿ ಕಳೆಯೋದು ಮಾತ್ರ ಸಲೀಸು. ಇನ್‌ಸ್ಟ್ರಕ್ಟರ್ ಹೇಳಿದ್ದು ಅಕ್ಷರಶಃ ನಿಜ.

ಮೊದಲಿನ 1 ಕಿಲೋಹರ್ಟ್ಸ್‌ನಲ್ಲಿ 8ರ ಜಾಗದಲ್ಲಿ 163 ಇತ್ತು. ಅದಕ್ಕೇ ಆಗ 18 ಆರ್‌ಪಿಎಂ ಮಾತ್ರ ಉಳೀತಿತ್ತು. ರೋಗ ಅದೇ, ನಾನು ಕೊಟ್ಟ ಮದ್ದಿನಿಂದ 20 ಪಟ್ಟು ಆಯ್ತು.

ಇನ್ನೂ ಗೋಜಲು ಅನ್ಸಿದ್ರೆ ಬ್ಯಾಂಕ್ ಬಡ್ಡಿ ನೆನೆಸ್ಕೊಳ್ಳಿ. ವರ್ಷಕ್ಕೆ 100 ರೂಪಾಯಿ ಬಡ್ಡಿ. ವರ್ಷಕ್ಕೊಮ್ಮೆ ಲೆಕ್ಕ ಹಾಕಿದ್ರೆ 100 ಸಿಗುತ್ತೆ. ದಿನಾ ಲೆಕ್ಕ ಹಾಕಿ ಪೈಸೆ ಬಿಟ್ಟುಬಿಡೋ ಬ್ಯಾಂಕ್ ಆದ್ರೆ ದಿನಕ್ಕೆ 27 ಪೈಸೆ, ಅದೂ ಬಿಟ್ಟುಹೋಗಿ ವರ್ಷಕ್ಕೆ ಸೊನ್ನೆ. ಸಿಮ್ಯುಲಿಂಕ್ ಪೈಸೆ ಬಿಡ್ತಿರಲಿಲ್ಲ, ಫ್ಲೋಟಿಂಗ್ ಪಾಯಿಂಟ್‌ನಲ್ಲಿ ಎಲ್ಲ ಜಮಾ ಆಗ್ತಿತ್ತು. ಗೋಡೆ ಮೇಲಿನ ಗ್ರಾಫ್ ಸುಳ್ಳಲ್ಲ, ಅದು ಬೇರೆ ಬ್ಯಾಂಕಿನದು.

ಸರಿಪಡಿಸಿದ್ದು ಮೂರು ಸಾಲಿನಲ್ಲಿ. ಗುಣಲಬ್ಧವನ್ನ ಕತ್ತರಿಸದೆ 32 ಬಿಟ್ ವೇರಿಯಬಲ್‌ನಲ್ಲಿ ಕೂಡಿಸ್ತಾ ಹೋಗೋದು, ಮಿತಿ ಮೀರದಂತೆ ಕಟ್ಟುವುದು, ಔಟ್‌ಪುಟ್ ಕೊಡುವಾಗ ಮಾತ್ರ 15 ಬಿಟ್ ಸರಿಸೋದು. (ಆ ಚಿಪ್ಪಿನೊಳಗೆ ಇದಕ್ಕಂತಲೇ 40 ಬಿಟ್ಟಿನ ಅಕ್ಯುಮುಲೇಟರ್ ಇತ್ತು. ಡೇಟಾಶೀಟ್ ಓದಿದವನಿಗೆ ತಾನೇ.) ಸ್ಯಾಂಪ್ಲಿಂಗನ್ನೂ 200 ಹರ್ಟ್ಸ್‌ಗೆ ಇಳಿಸಿದೆ. ನನ್ನ ಲೂಪ್ ಬ್ಯಾಂಡ್‌ವಿಡ್ತ್ (ಎಷ್ಟು ಬೇಗದ ಬದಲಾವಣೆಯನ್ನ ಕಂಟ್ರೋಲರ್ ಹಿಂಬಾಲಿಸಬಲ್ಲದು ಅನ್ನೋದು) ಹೆಚ್ಚೆಂದರೆ 5 ಹರ್ಟ್ಸ್, ಅದರ 20–30 ಪಟ್ಟು ಇದ್ರೆ ಧಾರಾಳ. ಹಳೇ ಕೋಡನ್ನೇ ಇಟ್ಕೊಂಡು ಬರೀ 200ಕ್ಕೆ ಇಳಿಸಿದ್ದಿದ್ರೂ ವ್ಯತ್ಯಾಸ 4 ಆರ್‌ಪಿಎಂ ಒಳಗೆ ಬರ್ತಿತ್ತು!

ಈಗ ನಿಮ್ಮ ಪ್ರಶ್ನೆಗೆ. ಪಿಐಡಿನಾ ಎಂಪಿಸಿನಾ ಅನ್ನೋ ಆಯ್ಕೆಯೇ ನನಗೆ ಅರ್ಥ ಆಗಲ್ಲ. ಎಂಪಿಸಿ ಹೊಸದು ಅಂತ ಯಾರು ಹೇಳಿದ್ರು? 1970ರ ದಶಕದಲ್ಲೇ ಶೆಲ್ ತೈಲ ಕಂಪನಿಯ ಎಂಜಿನಿಯರ್‌ಗಳು ತೈಲ ಘಟಕಗಳಲ್ಲಿ ಓಡಿಸ್ತಿದ್ರು. 1962ರಲ್ಲಿ ಇಂಗ್ಲೆಂಡಿನ ರಾಸಾಯನಿಕ ಕಂಪನಿ ಐಸಿಐ ಅನಲಾಗ್ ಕಂಟ್ರೋಲರ್‌ಗಳನ್ನ ತೆಗೆದು ಒಂದು ಫೆರಾಂಟಿ ಆರ್ಗಸ್ ಕಂಪ್ಯೂಟರಿಗೆ 224 ಅಳತೆ, 129 ವಾಲ್ವ್ ಒಪ್ಪಿಸಿತು. ಅದು ಮಾಡ್ತಿದ್ದದ್ದೂ ನೀವು ಹಳೇದು ಅಂತಿರೋ ಲೂಪ್‌ಗಳ ಕೆಲಸವನ್ನೇ. ಡಿಜಿಟಲ್ ಕಂಟ್ರೋಲ್‌ನಲ್ಲಿ ಸಂಶೋಧನೆ ಇರೋದು ಸಮೀಕರಣ ಚಿಪ್ಪಿಗೆ ಇಳಿಯುವಾಗ ಏನು ಕಳೆದುಹೋಗುತ್ತೆ ಅನ್ನೋದರಲ್ಲಿ. 1991ರಲ್ಲಿ ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ-ತಡೆ ವ್ಯವಸ್ಥೆ 100 ಗಂಟೆ ಓಡಿದ ಮೇಲೆ ಅದರ ಗಡಿಯಾರ 0.34 ಸೆಕೆಂಡ್ ತಪ್ಪಿತ್ತು. 0.1 ಸೆಕೆಂಡನ್ನ 24 ಬಿಟ್ಟಿಗೆ ಕತ್ತರಿಸಿದ್ದೇ ಕಾರಣ. ಎದುರಿನ ಕ್ಷಿಪಣಿ ತಪ್ಪಿಸ್ಕೊಂಡು ಬಂದು 28 ಸೈನಿಕರು ಸತ್ತರು.

ಹಾಗಂತ ನಿಧಾನವೇ ಒಳ್ಳೇದು ಅಂತ ಹೊರಡಬೇಡಿ. ನಿಮ್ಮದು ಇನ್ವರ್ಟರಿನ ಕರೆಂಟ್ ಲೂಪ್ ಆಗಿದ್ರೆ ಕಥೆ ಉಲ್ಟಾ. 10 ಕಿಲೋಹರ್ಟ್ಸ್‌ನಲ್ಲಿ ಲೆಕ್ಕಕ್ಕೆ ಒಂದು ಸ್ಯಾಂಪಲ್, ಪಿಡಬ್ಲ್ಯುಎಂಗೆ (ಸ್ವಿಚ್‌ಗಳನ್ನ ಆನ್-ಆಫ್ ಮಾಡೋ ಸಿಗ್ನಲ್‌ಗೆ) ಅರ್ಧ, ಒಟ್ಟು 150 ಮೈಕ್ರೊಸೆಕೆಂಡ್ ತಡ. ಕ್ರಾಸ್‌ಓವರ್ (ಲೂಪ್ ಗೇನ್ ಒಂದಕ್ಕೆ ಇಳಿಯೋ ಆವರ್ತನ) 1 ಕಿಲೋಹರ್ಟ್ಸ್ ಇಟ್ರೆ, ಲೂಪ್ ಸ್ಥಿರವಾಗಿರೋಕೆ ಬೇಕಾದ ಫೇಸ್‌ನಲ್ಲಿ 54 ಡಿಗ್ರಿ ಆ ತಡಕ್ಕೇ ಖರ್ಚು.

ಸಿಮ್ಯುಲೇಶನ್ ಸಾಕಾ ಅಂದ್ರೆ, ಸಾಲಲ್ಲ. ಗೈಡ್ ಒಪ್ಪಿದ್ರೂ ಸಾಲಲ್ಲ. ಪಿಐ ಒಂದನ್ನೇ ತಗೊಳ್ಳಿ, ಬೋರ್ಡ್ ಮೇಲೆ ಓಡಿಸಿ, ಸಿಮ್ಯುಲೇಶನ್‌ಗೂ ಅದಕ್ಕೂ ಎಲ್ಲೆಲ್ಲಿ ತಾಳೆ ಬೀಳಲ್ಲ ಅಂತ ಬರೀರಿ. ಒಂದು ಥೀಸಿಸ್‌ಗೆ ಬೇಕಾದಷ್ಟು ಅಲ್ಲೇ ಸಿಗುತ್ತೆ. ಕೊನೆಗೆ ನನ್ನ ಥೀಸಿಸ್‌ನಲ್ಲಿ ಫಜಿನೂ ಇರಲಿಲ್ಲ, ನ್ಯೂರಲ್ಲೂ ಇರಲಿಲ್ಲ.

ಪ್ರೊಸೆಸರ್ ಯಾವುದು, ಸ್ಯಾಂಪ್ಲಿಂಗ್ ಎಷ್ಟು, ವೇಗ ಹೇಗೆ ಅಳೀತಿದ್ದೀರಿ ಅಂತ ನೀವು ಬರೆದೇ ಇಲ್ಲ. ಎನ್‌ಕೋಡರ್ (ಮೋಟರ್ ತಿರುಗಿದಂತೆ ಪಲ್ಸ್ ಕೊಡೋ ಸೆನ್ಸರ್) ಆಗಿದ್ರೆ ಅದರಲ್ಲಿ ಬೇರೆಯದೇ ತೊಡಕು ಇದೆ: ಪ್ರತಿ ಸುತ್ತಿಗೂ 4000 ಕೌಂಟ್ ಕೊಡೋದನ್ನ 50 ಮೈಕ್ರೊಸೆಕೆಂಡಿಗೊಮ್ಮೆ ಎಣಿಸಿದ್ರೆ ಒಂದೊಂದು ಕೌಂಟೂ 300 ಆರ್‌ಪಿಎಂ. ಕೆಳಗೆ ಬರೀರಿ, ಲೆಕ್ಕ ಹಾಕಿ ನೋಡೋಣ.